ಕಾಲುವೆ ದಂಡೆಯ ಕರೆಂಟ್ ಸೈಕಲ್ಲು

ನಮ್ಮ ಮನೆಯ ಪಡಸಾಲೆಯಲ್ಲಿ, ಹೊಲಿಗೆ ಮಷಿನ್ನಿನ ಪಕ್ಕದ ಪ್ಲಗ್ಗಿಗೆ ಒಂದು ಕರಿ ಡಬ್ಬಿ ಅಂಟಿಕೊಂಡಿದೆ. ಅದರ ನೆತ್ತಿಯ ಮೇಲೆ ಸಣ್ಣ ದೀಪ. ಸೈಕಲ್ಲಿನ ಬ್ಯಾಟರಿ ತುಂಬುವ ತನಕ ಕೆಂಪಗೆ ಉರಿಯುತ್ತದೆ, ತುಂಬಿದ ಮೇಲೆ ಹಸಿರಾಗುತ್ತದೆ. ಹೊಸದರಲ್ಲಿ ನಾನು ಅದನ್ನು ಒಲೆಯ ಮೇಲೆ ಹಾಲಿಟ್ಟವರ ಹಾಗೆ ಹೋಗಿ ಬಂದು ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಆದರೆ ಈಗ ಆ ಕೆಂಪು ಹಸಿರಾಗುವ ತನಕ ಮನೆ ಬಿಟ್ಟು ಹೊರಡುವುದಿಲ್ಲ. ನಿನ್ನೆ ಕರೆಂಟು ಹೋಗಿ ದೀಪ ಆರಿದಾಗ, ಮಾಡುತ್ತಿದ್ದ ಕೆಲಸ ಬಿಟ್ಟು ಅದರ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, ನಿಂತು ನೋಡಿದರೆ ಕರೆಂಟು ಬರುವುದಿಲ್ಲ ಎಂದರು. ಅದು ನನಗೂ ಗೊತ್ತು.

ನಾನು ಸುರಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುವವಳು. ಐವತ್ತು ದಾಟಿದೆ. ಮೊಣಕಾಲು ಮೆಟ್ಟಿಲು ಕಂಡರೆ ಮಾತಾಡುತ್ತವೆ. ಇಂಥವಳು ಸೈಕಲ್ ಹತ್ತಿದ್ದೇ ಒಂದು ಸೋಜಿಗ, ಅದಕ್ಕೆ ಕಾರಣ ನನ್ನ ಅಕ್ಕ ನೀಲಮ್ಮ. ನಾನು ಏನೇ ಮಾಡಿದ್ದರೂ ಅದಕ್ಕೆ ಕಾರಣ ಅಕ್ಕನೇ. ನಮ್ಮ ಊರು ದೋರನಹಳ್ಳಿ. ಅಪ್ಪ ಶಹಾಪುರದ ಹತ್ತಿ ಅಂಗಡಿಯಲ್ಲಿ ಗುಮಾಸ್ತ. ದಿನಾ ಸೈಕಲ್ಲಿನ ಮೇಲೆ ಹೋಗಿ ಬರುತ್ತಿದ್ದ. ಸಂಜೆ ಅವನು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಕ್ಕ, ಸೈಕಲ್ ಒರೆಸುತ್ತೇನೆ ಎಂದು ಅದನ್ನು ಗುಡಿಯ ಹಿಂದಿನ ಬಯಲಿಗೆ ಒಯ್ಯುತ್ತಿದ್ದಳು. ಸೀಟು ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅಡ್ಡ ಸರಳಿನ ಕೆಳಗೆ ಒಂದು ಕಾಲು ತೂರಿಸಿ, ಇಡೀ ಮೈಯನ್ನು ಒಂದು ಕಡೆ ಜೋತುಬಿಟ್ಟು, ಪೆಡಲು ಒತ್ತುತ್ತಿದ್ದಳು. ಹಿಂದಿನ ಕ್ಯಾರಿಯರಿನ ಮೇಲೆ ನಾನು. ಹತ್ತಿಯ ಧೂಳಿನ ವಾಸನೆ ಹಿಡಿದ ಆ ಕ್ಯಾರಿಯರಿನ ಕಬ್ಬಿಣ ತೊಡೆಗೆ ಒತ್ತಿ ಬರೆ ಎಳೆದಂತಾಗುತ್ತಿತ್ತು. ಇಳಿ ಎಂದರೆ ಇಳಿಯಬೇಕು, ಹತ್ತು ಎಂದರೆ ಹತ್ತಬೇಕು. ಬಿದ್ದರೆ ಅಳಬಾರದು, ಅವ್ವನಿಗೆ ಹೇಳಬಾರದು.

ಅವ್ವನಿಗೆ ಹೇಗೋ ಗೊತ್ತಾಗಿಯೇ ಆಗುತ್ತಿತ್ತು. ಅಕ್ಕ ದೊಡ್ಡವಳಾದ ವರ್ಷ ಸೈಕಲ್ ಬಂದ್ ಆಯಿತು. ಮುಂದೆ ಅವಳನ್ನು ಸುರಪುರದ ಬಳೆ ಅಂಗಡಿಯವರ ಮನೆಗೆ ಕೊಟ್ಟರು. ನಾನೂ ಓದು ಮುಗಿಸಿ, ನೌಕರಿ ಹಿಡಿದು, ಮದುವೆಯಾಗಿ, ತಿರುಗಿ ತಿರುಗಿ ಅದೇ ಸುರಪುರಕ್ಕೆ ಬಂದು ಬಿದ್ದೆ. ಕ್ಯಾರಿಯರಿನಿಂದ ನಾನು ಇಳಿದೇ ಇಲ್ಲ ಎಂದು ಯಜಮಾನರು ನಗುತ್ತಾರೆ.

ಭಾವ ತೀರಿಕೊಂಡ ಮೇಲೆ ಬಳೆ ಅಂಗಡಿಯನ್ನು ಅಕ್ಕನೇ ನಡೆಸುತ್ತಾಳೆ. ಅವಳ ಮಗಳು ಸುಮಾ ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ನರ್ಸು. ಒಂದು ದೀಪಾವಳಿಗೆ ಅಕ್ಕ ಅಲ್ಲಿಗೆ ಹೋದಳು. ಅಲ್ಲಿ ಸಮುದ್ರದ ಪಕ್ಕದ ರಸ್ತೆಯಲ್ಲಿ ಬ್ಯಾಟರಿ ಸೈಕಲ್ಲು ಬಾಡಿಗೆಗೆ ಕೊಡುತ್ತಾರಂತೆ. ಪ್ರವಾಸಕ್ಕೆ ಬಂದ ಜನ ಅವನ್ನು ಹತ್ತಿ ತೆಂಗಿನ ತೋಟ, ಅಳಿವೆ, ಹಳೇ ಕೋಟೆ ಎಂದು ಸುತ್ತುತ್ತಾರಂತೆ. ಸುಮಾ ತಮಾಷೆಗೆ ಅಮ್ಮನನ್ನು ಒಂದರ ಮೇಲೆ ಕೂರಿಸಿದ್ದಾಳೆ. ಇಳಿಸುವುದು ಕಷ್ಟವಾಗಿದೆ. ಊರಿಗೆ ಬಂದ ಅಕ್ಕ ಮೊಮ್ಮಗನಿಗೆ ಹಲ್ಲು ಬಂದದ್ದನ್ನು ಹೇಳಲಿಲ್ಲ, ಅಳಿಯನ ಬಡ್ತಿಯನ್ನು ಹೇಳಲಿಲ್ಲ. ನನ್ನನ್ನು ಅಂಗಡಿಯ ಗದ್ದುಗೆಯ ಮೇಲೆ ಕೂರಿಸಿಕೊಂಡು ಸೈಕಲ್ಲಿನ ಕಥೆಯೊಂದನ್ನೇ ಹೇಳಿದಳು.

"ಪೆಡಲ್ ಮ್ಯಾಲ ಕಾಲು ಇಟ್ರ ಸಾಕು, ಹಿಂದಿಂದ ಯಾರೋ ಬೆನ್ನಿಗೆ ಕೈ ಹಚ್ಚಿ ದೂಡಿದಂಗ ಆಗ್ತದ ಶಾರಿ. ಬಾಜೂಕ ಸಮುದ್ರ. ನಾ ಸಾಯೂ ತನ ಮರೆಯಂಗಿಲ್ಲ."

ಸುರಪುರಕ್ಕೆ ಸಮುದ್ರ ಎಲ್ಲಿಂದ ತರುತ್ತೀ ಎಂದು ಕೇಳಿದೆ. ಕಾಲುವೆ ಇದೆ, ಬೋನಾಳ ಕೆರೆ ಇದೆ, ತಿಂಥಣಿಗೆ ಹೋದರೆ ಕೃಷ್ಣಾ ಹೊಳೆಯೇ ಇದೆ, ಒಬ್ಬಳಿಗೆ ಎಷ್ಟು ನೀರು ಬೇಕು ಎಂದಳು. ಕಲಬುರಗಿಯಿಂದ ಒಂದೇ ಟೆಂಪೋದಲ್ಲಿ ಎರಡು ಸೈಕಲ್ಲು ಬಂದವು. ಊರವರು ಅವಕ್ಕೆ ಕರೆಂಟ್ ಸೈಕಲ್ ಎಂದು ಹೆಸರಿಟ್ಟರು.

ನನ್ನ ಕಲಿಕೆಯ ಕಥೆ ಹೇಳಿದರೆ ನೀವು ನಗುತ್ತೀರಿ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಶಾಲೆಯ ಬಯಲಿನಲ್ಲಿ ಒಂದೇ ಒಂದು ಬೇವಿನ ಮರವಿದೆ. ಅಷ್ಟು ದೊಡ್ಡ ಬಯಲಿನಲ್ಲಿ ನಾನು ಎಲ್ಲಿಂದ ಹೊರಟರೂ ಆ ಮರಕ್ಕೇ ಹೋಗಿ ಮುಟ್ಟುತ್ತಿದ್ದೆ. ಅಕ್ಕ ನನ್ನ ಸೀಟು ಹಿಡಿದು ಓಡುತ್ತಿದ್ದಳು, ಬೈಯುತ್ತಿದ್ದಳು, ಮರವನ್ನೂ ಬೈಯುತ್ತಿದ್ದಳು. ಕಡೆಗೆ ಬಂತು. ಆದರೆ ಪೆಡಲು ತುಳಿಯುವ ಅಭ್ಯಾಸ ಬರಲಿಲ್ಲ. ಹ್ಯಾಂಡಲ್ ತಿರುವಿದರೆ ತಾನೇ ಹೋಗುವ ಸೈಕಲ್ಲನ್ನು ಯಾಕೆ ತುಳಿಯಬೇಕು ಎಂಬುದು ನನ್ನ ವಾದ. ಅಕ್ಕ ಬ್ಯಾಟರಿ ಉಳಿಸಲು ತುಳಿಯುತ್ತಿದ್ದಳು. ನಾನು ಗಾಡಿಯಲ್ಲಿ ಕೂತ ಗೌಡಶಾನಿಯ ಹಾಗೆ ಹಿಂದೆ ಹೋಗುತ್ತಿದ್ದೆ.

ಭಾನುವಾರಗಳು ಬದಲಾದವು. ಒಮ್ಮೆ ಶಹಾಪುರದ ಕಡೆ ಹೋಗಿ, ಮಲಗಿದ ಬುದ್ಧನ ಗುಡ್ಡದ ಮೂಗಿನ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ನೋಡಿದೆವು. ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ಕಂಡ ಗುಡ್ಡ ಅದು. ನಿಂತು ನೋಡಿದ್ದು ಅದೇ ಮೊದಲು. ಸೈಕಲ್ಲಿನಲ್ಲಿ ಸದ್ದಿಲ್ಲದ್ದರಿಂದ ಹೊಲದ ಮಾತೆಲ್ಲ ಕೇಳಿಸುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವಳು ಯಾರನ್ನೋ ಶಪಿಸುತ್ತಿರುತ್ತಾಳೆ, ನಾವು ಹತ್ತಿರ ಬಂದದ್ದು ತಿಳಿಯದೆ ಬೆಚ್ಚಿ ಹಕ್ಕಿಯ ಬದಲು ನಮಗೇ ಕವಣೆ ಎತ್ತುತ್ತಾಳೆ.

ಒಂದು ವಿಷಯ ಮಾತ್ರ ನಮ್ಮ ಜೊತೆಗೇ ಬರುತ್ತಿತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಕೆಳಗಿಳಿದು ಬುದ್ಧಿ ಮಂಕಾಗುತ್ತದೆ, ಮನುಷ್ಯರು ಬೀಳುತ್ತಾರೆ ಎಂದು ಸುಮಾ ನನಗೆ ಫೋನಿನಲ್ಲಿ ಪಾಠ ಹೇಳಿದ್ದಳು. ಹೇಗೆ ಗೊತ್ತು ಹಿಡಿಯಲಿ ಎಂದು ಕೇಳಿದ್ದೆ. "ಅವ್ವ ಸುಮ್ ಸುಮ್ನ ಜಗಳ ತಗದ್ರ ಮೊದಲ ಬಾಯಾಗ ಸಕ್ಕರಿ ಹಾಕು ಚಿಗವ್ವ, ಆಮ್ಯಾಲ ಜಗಳಾಡು" ಎಂದಿದ್ದಳು. ಹಾಗಾದರೆ ನಿಮ್ಮವ್ವನಿಗೆ ದಿನಕ್ಕೊಂದು ಚೀಲ ಸಕ್ಕರೆ ಬೇಕಲ್ಲ ಎಂದು ನಾವಿಬ್ಬರೂ ನಕ್ಕಿದ್ದೆವು. ಅಕ್ಕನ ಕೈಚೀಲದಲ್ಲಿ ಯಾವಾಗಲೂ ಪೆಪ್ಪರಮೆಂಟು ಇರುತ್ತಿದ್ದವು.

ಆ ಭಾನುವಾರ ಬೋನಾಳ ಕೆರೆಗೆ ಹೋಗುವುದೆಂದಾಗಿತ್ತು. ಚಳಿಗಾಲ, ಹೊರಗಿನ ಹಕ್ಕಿಗಳು ಬಂದಿಳಿದಿದ್ದವು. ಹಿಂದಿನ ದಿನ ಸಂಜೆಯಿಂದ ಕರೆಂಟು ಹೋಗಿ ಬಂದು ಮಾಡಿತ್ತು. ಬೆಳಿಗ್ಗೆ ನೋಡಿದರೆ ನನ್ನ ಡಬ್ಬಿಯ ದೀಪ ಇನ್ನೂ ಕೆಂಪು. ನಡೆಯುತ್ತದೆ ಬಿಡು, ನೀನೂ ಒಂದಿಷ್ಟು ತುಳಿ ಎಂದಳು ಅಕ್ಕ. ಇಂಜೆಕ್ಷನ್ ಆಗಿದೆ, ಕೆರೆ ದಂಡೆಯ ಮೇಲೆ ಕೂತು ರೊಟ್ಟಿ ತಿನ್ನೋಣ ಎಂದಳು.

ಕೆರೆಯ ತುಂಬ ಹಕ್ಕಿ. ಬಿಳಿಯವು, ಬೂದಿ ಬಣ್ಣದವು, ಉದ್ದ ಕೊಕ್ಕಿನವು. ಒಂದರ ಹೆಸರೂ ನಮಗೆ ತಿಳಿಯದು. ಅಕ್ಕ ಅವಕ್ಕೆಲ್ಲ ನೆಂಟರ ಹೆಸರಿಟ್ಟಳು. ನೀರಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಯಾರ ಜೊತೆಗೂ ಸೇರದ ಒಂದಕ್ಕೆ ನನ್ನ ಯಜಮಾನರ ಹೆಸರು ಬಿತ್ತು. ನಗುತ್ತ ರೊಟ್ಟಿ ಗಂಟು ಬಿಚ್ಚಿದೆವು. ಅವಳು ಒಂದು ರೊಟ್ಟಿಯನ್ನು ಅರ್ಧ ತಿಂದು, ಅಗೋ ಅಲ್ಲಿ, ಇಗೋ ಇಲ್ಲಿ ಎಂದು ಎದ್ದು ತಿರುಗಾಡಿದಳು. ಉಳಿದದ್ದು ಗಂಟಿನಲ್ಲೇ ಉಳಿಯಿತು. ನಾನು ಗಮನಿಸಿದೆ, ತಿನ್ನು ಎಂದೆ, ಆಮೇಲೆ ಎಂದಳು.

ಬಿಸಿಲು ಏರತೊಡಗಿದ್ದರಿಂದ, ಹತ್ತಿರದ ದಾರಿ ಎಂದು, ಹಿಂದಿರುಗುವಾಗ ಕಾಲುವೆಯ ದಂಡೆ ಹಿಡಿದೆವು. ಅದು ಮಣ್ಣಿನ ರಸ್ತೆ. ಎಡಕ್ಕೆ ಕಾಲುವೆ, ಆಳಕ್ಕೆ ಇಳಿಜಾರಾಗಿ ಸಿಮೆಂಟು ಬಡಿದದ್ದು, ಹಿಂಗಾರು ನಾಟಿಗೆ ನೀರು ಬಿಟ್ಟಿದ್ದರಿಂದ ದಂಡೆಯ ತನಕ ತುಂಬಿ ಹರಿಯುತ್ತಿತ್ತು. ಬಲಕ್ಕೆ ಆಳು ಉದ್ದದ ಇಳುಕಲು, ಅದರ ಕೆಳಗೆ ಭತ್ತದ ಗದ್ದೆಗಳು. ಆ ಸಿಮೆಂಟಿನ ಮೇಲೆ ಪಾಚಿ ಹಿಡಿದಿರುತ್ತದೆ. ಕಾಲುವೆಗೆ ಬಿದ್ದ ಎಮ್ಮೆ ಕೂಡ ತಾನಾಗಿ ಹತ್ತಲಾರದು ಎಂಬುದನ್ನು ಈ ಸೀಮೆಯ ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ನೀರು ಮೇಲೆ ನೋಡಿದರೆ ಸುಮ್ಮನೆ ಮಲಗಿದಂತಿರುತ್ತದೆ. ಒಂದು ಕಸ ಹಾಕಿದರೆ ಕಣ್ಣು ಮಿಟುಕಿಸುವುದರಲ್ಲಿ ಎಲ್ಲೋ ಮುಂದಿರುತ್ತದೆ.

ಒಂದು ಸಣ್ಣ ಸೇತುವೆಯ ಹತ್ತಿರ ನನ್ನ ಸೈಕಲ್ಲು ಉಸಿರು ಬಿಟ್ಟಿತು. ಬ್ಯಾಟರಿ ಸತ್ತ ಕರೆಂಟ್ ಸೈಕಲ್ಲಿನ ಭಾರ ಅದನ್ನು ತುಳಿದವರಿಗೇ ಗೊತ್ತು. ಇಳಿದು ನಿಂತೆ. ಅಕ್ಕನೂ ನಿಂತಳು. ನೆರಳಿಗೆ ಕೂರೋಣ, ಮನೆಗೆ ಫೋನು ಮಾಡಿ ಗಾಡಿ ತರಿಸೋಣ ಎಂದೆ. ಅವಳ ಕಡೆ ತಿರುಗಿದೆ. ನೋಡಿದರೆ ಹಣೆಯ ಮೇಲೆ, ಮೂಗಿನ ಮೇಲೆ, ಗದ್ದದ ಮೇಲೆ ಬೆವರು ಕಾಳುಗಟ್ಟಿತ್ತು. ಬಿಸಿಲಿನ ಬೆವರು ಹಾಗಿರುವುದಿಲ್ಲ. ಮುಖ ಬಿಳಿಚಿತ್ತು.

"ನಿಂದು ಯಾವಾಗಲೂ ಇದ ಆತು" ಎಂದಳು, ತೀರ ಸಿಟ್ಟಿನಲ್ಲಿ. "ಜಲ್ದಿ ಹತ್ತು. ಅವ್ವ ಒಲಿ ಮುಂದ ಕುಂತು ಹಾದಿ ನೋಡಾಕತ್ತಾಳ."

ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಮಣ್ಣು ಕೊಟ್ಟು ಬಂದ ದಿನ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಇದೇ ಅಕ್ಕ.

ಸುಮಾ ಹೇಳಿದ್ದು ಆಗ ನೆನಪಾಯಿತು. ಅಕ್ಕನ ಸೈಕಲ್ಲಿನ ಬುಟ್ಟಿಯಲ್ಲಿದ್ದ ಕೈಚೀಲಕ್ಕೆ ಕೈ ಹಾಕಿದೆ. ಕನ್ನಡಕದ ಡಬ್ಬಿ, ಕರವಸ್ತ್ರ, ಅಂಗಡಿಯ ಬೀಗದ ಕೈ. ಪೆಪ್ಪರಮೆಂಟು ಇಲ್ಲ. ಅವಳು ಆ ದಿನ ಬೇರೆ ಚೀಲ ತಂದಿದ್ದಳು. ರೊಟ್ಟಿಯ ಗಂಟು ಬಿಚ್ಚಿ, ಒಂದು ತುತ್ತು ತಿನ್ನು ಅಕ್ಕಾ ಎಂದು ಬಾಯಿಗೆ ಹಿಡಿದೆ. ಕೈ ತಳ್ಳಿದಳು. ರೊಟ್ಟಿ ಮಣ್ಣಿಗೆ ಬಿತ್ತು. ನಾನು ಅದನ್ನು ಎತ್ತಲು ಬಗ್ಗಿದ್ದೇ ತಡ, ಅವಳು ಸೈಕಲ್ ಹತ್ತಿ ಹ್ಯಾಂಡಲ್ ತಿರುವಿ ಹೊರಟುಬಿಟ್ಟಳು.

ಹೋದಳು ಅನ್ನಲೂ ಬಾರದು. ಸೈಕಲ್ಲು ಒಮ್ಮೆ ಮುಂದಕ್ಕೆ ಜಿಗಿಯುತ್ತಿತ್ತು, ಒಮ್ಮೆ ನಿಲ್ಲುವಷ್ಟು ನಿಧಾನವಾಗುತ್ತಿತ್ತು. ಮುಂದಿನ ಗಾಲಿ ಗದ್ದೆಯ ಕಡೆ ಹೋಗಿ, ಏನೋ ನೆನಪಾದಂತೆ ತಿರುಗಿ ನೀರಿನ ಕಡೆ ಬರುತ್ತಿತ್ತು. ಅವಳ ಸೀರೆಯ ಸೆರಗು ಸೊಂಟದಿಂದ ಬಿಚ್ಚಿ ಕಾಲುವೆಯ ಕಡೆ ಹಾರುತ್ತಿತ್ತು. ಅಕ್ಕಾ ಎಂದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಲು ಬಾಯಿ ತೆರೆದವಳು ತಡೆದುಕೊಂಡೆ. ಹಿಂದಿರುಗಿ ನೋಡಲು ಹೋಗಿ ಅವಳು ನೀರಿಗೆ ಹೊರಳಿದರೆ?

ಸತ್ತ ಸೈಕಲ್ಲನ್ನು ಹತ್ತಿ ತುಳಿದೆ. ನನ್ನ ಜೀವಮಾನದ ತುಳಿತವನ್ನೆಲ್ಲ ಅಲ್ಲೇ ತುಳಿದೆ. ಮೊಣಕಾಲಿನೊಳಗೆ ಕೆಂಡ ಇಟ್ಟಂತಾಯಿತು. ಅಕ್ಕನ ಹಿಂದಿನ ಗಾಲಿಯೊಂದೇ ಕಾಣುತ್ತಿತ್ತು. ಅದು ಎಡದ ಅಂಚಿಗೆ ಹೋದಾಗ ಸಣ್ಣ ಕಲ್ಲುಗಳು ಸಿಡಿದು ಸಿಮೆಂಟಿನ ಮೇಲೆ ಉರುಳಿ ನೀರಿಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಈಗಲೂ ಒಮ್ಮೊಮ್ಮೆ ತರಗತಿಯ ನಡುವೆ, ಕರಿಹಲಗೆಗೆ ಮುಖ ಮಾಡಿ ನಿಂತಾಗ, ಕಿವಿಗೆ ಬರುತ್ತದೆ.

ಹತ್ತಿರ ಬಂದೆ. ಗದ್ದೆಯ ಕಡೆಯಿಂದ ಹೋಗಿ ಅವಳನ್ನು ಮುಟ್ಟಿದರೆ ಅವಳು ನೀರಿಗೆ ಬೀಳುತ್ತಾಳೆ. ಆದ್ದರಿಂದ ನೀರಿನ ಕಡೆಯಿಂದಲೇ ಹೋಗಬೇಕು. ಅಂಚಿಗೂ ಅವಳಿಗೂ ನಡುವೆ ಒಂದು ಸೈಕಲ್ಲಿಗೆ ಸಾಲುವಷ್ಟು ಜಾಗ, ಅದೂ ಅವಳು ಬಲಕ್ಕೆ ತೂಗಿದಾಗ ಮಾತ್ರ. ನನಗೆ ಈಜು ಬರುವುದಿಲ್ಲ. ಆ ಹೊತ್ತಿನಲ್ಲಿ ಧೈರ್ಯ ಮಾಡಿದೆ ಎಂದೇನೂ ನಾನು ಹೇಳಿಕೊಳ್ಳುವುದಿಲ್ಲ. ಹೆದರಲು ಪುರುಸೊತ್ತು ಇರಲಿಲ್ಲ, ಅಷ್ಟೇ. ಅವಳು ಬಲಕ್ಕೆ ತೂಗಿದಳು. ನಾನು ಎಡಕ್ಕೆ ನುಗ್ಗಿದೆ. ಕಣ್ಣಂಚಿನಲ್ಲಿ ನೀರು ಹರಿಯುತ್ತಿತ್ತು, ನಾನೇ ಹಿಂದಕ್ಕೆ ಸರಿಯುತ್ತಿದ್ದೇನೆ ಅನ್ನಿಸುವಂತೆ. ಅವಳ ಹ್ಯಾಂಡಲನ್ನು ಹಿಡಿದುಕೊಂಡು, ನನ್ನ ಇಡೀ ಭಾರವನ್ನು, ಡಾಕ್ಟರು ಇಳಿಸಿ ಇಳಿಸಿ ಎಂದು ಹೇಳುತ್ತಲೇ ಬಂದಿರುವ ಆ ಭಾರವನ್ನೆಲ್ಲ, ಅವಳ ಮೈಮೇಲೆ ಹಾಕಿದೆ.

ಇಬ್ಬರೂ, ಎರಡು ಸೈಕಲ್ಲುಗಳೂ ಕೂಡಿ, ಇಳುಕಲಿನಲ್ಲಿ ಉರುಳಿ ಗದ್ದೆಗೆ ಬಿದ್ದೆವು. ಹೊಸದಾಗಿ ನಾಟಿ ಹಾಕಿದ ಗದ್ದೆ, ಮೊಣಕೈ ಮಟ್ಟದ ಕೆಸರು. ಅದು ನಮ್ಮನ್ನು ಉಳಿಸಿತು.

ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಮೊದಲು ನಕ್ಕರು. ನಗುವ ಹಾಗೆಯೇ ಇತ್ತು. ನಾನು ಕೆಸರಿನಿಂದ ಅಕ್ಕನ ತಲೆ ಎತ್ತಿ ಹಿಡಿದು, ಅವಳು ಕಣ್ಣು ತೇಲಿಸುತ್ತಿರುವುದು ಕಂಡಾಗ ನಗು ನಿಂತಿತು. ಸಕ್ಕರಿ ಕೊಡ್ರಿ, ಬೆಲ್ಲ ಕೊಡ್ರಿ, ಏನರ ಸಿಹಿ ಕೊಡ್ರಿ ಎಂದು ನಾನು ಅಳುತ್ತಿದ್ದೆನಂತೆ. ನನಗೆ ಆ ಮಾತು ನೆನಪಿಲ್ಲ. ಯಲ್ಲವ್ವ ಎಂಬಾಕೆ ಬದುವಿನ ಮೇಲಿಟ್ಟಿದ್ದ ಚಹದ ಕ್ಯಾನು ತಂದಳು. ಹೊಲದ ಚಹ, ಪಾಕದಂಥದ್ದು. ಅಕ್ಕ ಹಲ್ಲು ಕಚ್ಚಿದ್ದಳು. ಯಲ್ಲವ್ವ ತನ್ನ ಬೊಗಸೆಯಲ್ಲಿ ಒಂದಿಷ್ಟು ಸುರಿದುಕೊಂಡು ಅವಳ ತುಟಿಗೆ ಸವರಿದಳು. "ನೆಕ್ಕು ನಮ್ಮವ್ವ, ನೆಕ್ಕು" ಎಂದು ಕೂಸಿಗೆ ಹೇಳಿದಂತೆ ಹೇಳುತ್ತಿದ್ದಳು. ತುಟಿ ಅಲುಗಿತು. ನಾಲಿಗೆ ಬಂತು. ಆಮೇಲೆ ಒಂದು ಗುಟುಕು ಇಳಿಯಿತು. ಇನ್ನೊಂದು ಇಳಿಯಿತು. ಹೆಂಗಸರೆಲ್ಲ ಸುತ್ತ ನಿಂತು ಬಿಸಿಲಿಗೆ ಮರೆಯಾಗಿದ್ದರು. ಮೇಲೆ ಕಾಲುವೆ ಹರಿಯುವುದು ಕೇಳಿಸುತ್ತಿತ್ತು.

ಎಷ್ಟು ಹೊತ್ತಾಯಿತೋ. ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಕೆಸರನ್ನು ನೋಡಿದಳು, ತನ್ನ ಕೈ ಹಿಡಿದಿದ್ದ ಯಲ್ಲವ್ವನನ್ನು ನೋಡಿದಳು.

"ನಾ ಹೆಂಗ ಬಿದ್ದೆ?" ಎಂದಳು.

"ನೀ ಬೀಳಲಿಲ್ಲ. ನಾ ಕೆಡವಿದೆ" ಎಂದೆ.

ಸೇತುವೆಯ ನಂತರದ್ದು ಯಾವುದೂ ಅವಳಿಗೆ ನೆನಪಿರಲಿಲ್ಲ. ಅವ್ವನ ಮಾತನ್ನು ನಾನು ಹೇಳಲಿಲ್ಲ. ನೆಲಕ್ಕೊರಗಿದ ಸಸಿಗಳನ್ನು ನೋಡಿ ಅಕ್ಕ ಪೇಚಾಡಿದಳು. ನೀವು ಸುಮ್ಮನಿರಿ, ಸಸಿ ಮತ್ತೆ ನೆಟ್ಟರೆ ನಿಲ್ಲುತ್ತವೆ ಎಂದು ಯಲ್ಲವ್ವ ಅವಳಿಗೆ ಬೆಲ್ಲದ ತುಣುಕು ಕೊಟ್ಟು, ಅದು ಕರಗುವ ತನಕ ಕೈ ಬಿಡಲಿಲ್ಲ.

ಯಜಮಾನರು ಗಾಡಿ ತಂದರು. ದಾರಿಯಲ್ಲಿ ಅಕ್ಕ ಮೆಲ್ಲಗೆ, ಸುಮಾಗೆ ಹೇಳಬೇಡ, ಕೂಸು ಸಣ್ಣದು, ಅಷ್ಟು ದೂರ ಇದ್ದಾಳೆ, ಗಾಬರಿಯಾಗುತ್ತಾಳೆ ಎಂದಳು. ನಾನು ಹ್ಞೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಸಂಜೆ ಕೂದಲೊಳಗಿನ ಕೆಸರು ತೊಳೆಯುತ್ತಿದ್ದವಳು ಅರ್ಧಕ್ಕೇ ಎದ್ದೆ. ಟವೆಲ್ಲು ಸುತ್ತಿಕೊಂಡು ಬಂದು ಸುಮಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವ್ವನಿಗೆ ಈಗ ಸಕ್ಕರೆ ಎಷ್ಟಿದೆ ಎಂದು ಮೊದಲು ಕೇಳಿದಳು. ನರ್ಸಾದವಳು, ಎಷ್ಟೋ ಕಂಡವಳು. ಆಮೇಲೆ ಸೈಕಲ್ ಮಾರಿಬಿಡಲು ಹೇಳಿದಳು. ಅಮ್ಮನಿಗೂ ಅದನ್ನೇ ಹೇಳಿದಳು.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಶಾಲೆಗೆ ಹೋಗುವ ದಾರಿ ಅವಳ ಅಂಗಡಿಯ ಮುಂದೆಯೇ. ನಾನು ಕಂಡ ಕೂಡಲೇ ಅವಳು ಗಿರಾಕಿ ಇಲ್ಲದಿದ್ದರೂ ಬಳೆಯ ಗೊಂಚಲು ಇಳಿಸಿ ಒರೆಸಲು ಶುರುಮಾಡುತ್ತಿದ್ದಳು. ನಾನು ನಿಂತು ನೋಡಿ ಹೋಗುತ್ತಿದ್ದೆ. ಜೀವ ಉಳಿದಿತ್ತು, ಅಕ್ಕ ಹೋಗಿದ್ದಳು. ಫೋನು ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿರಲಿಲ್ಲ. ಆದರೆ ಅಂಗಡಿ ದಾಟುವ ಆ ಹತ್ತು ಮಾರು ದಾರಿ ಹೈರಾಣು ಮಾಡುತ್ತಿತ್ತು. ಒಂದೊಂದು ದಿನ ಸುತ್ತು ದಾರಿಯಲ್ಲಿ ಹೋದೆ. ಸುತ್ತು ದಾರಿಯಲ್ಲಿ ಹೋದ ದಿನ ಇನ್ನೂ ಹೆಚ್ಚು ಹೈರಾಣಾದೆ.

ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಕ್ಕ, ಸೈಕಲ್ಲು ಹಿಡಿದು ನಿಂತಿದ್ದಾಳೆ. ಕೆಸರಿನ ಗುರುತೂ ಇಲ್ಲದಂತೆ ತೊಳೆದಿದ್ದಳು. ಡಾಕ್ಟರ ಹತ್ತಿರ ಹೋಗಿ ಬಂದೆ, ಬೆಳಗಿನ ಇಂಜೆಕ್ಷನ್ ಕಡಿಮೆ ಮಾಡಿದ್ದಾರೆ, ತಿಂದೇ ಹೊರಡಬೇಕು ಎಂದಿದ್ದಾರೆ, ಸುಮಾಳನ್ನು ಒಪ್ಪಿಸಲು ಸಾಕುಸಾಕಾಯಿತು ಎಂದು ನನ್ನ ಮುಖ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳಿದಂತೆ ಹೇಳಿದಳು.

"ಉಪ್ಪಿಟ್ಟು ತಿಂದೀನಿ. ಬೇಕಿದ್ರ ಬಾಯಿ ಮೂಸಿ ನೋಡು."

ನಾನು ಮೂಸಿ ನೋಡಿದೆ. ಅವಳು ನನ್ನ ತಲೆಗೆ ಒಂದು ಮೊಟಕಿದಳು.

ಊರು ದಾಟಿ ಕಾಲುವೆಯ ದಂಡೆ ಹತ್ತಿದೆವು. ನೀರು ಅಂದಿನಂತೆಯೇ ತುಂಬಿತ್ತು. ಮೇಲೆ ಹತ್ತಿದ ಕೂಡಲೇ ನಾನು ಸೈಕಲ್ಲು ನಿಲ್ಲಿಸಿದೆ. ಅಕ್ಕನೂ ನಿಂತಳು. ಅವಳು ಕಾಲುವೆಯ ಅಂಚಿಗಿದ್ದಳು. ಈ ಕಡೆ ಬಾ, ನೀರಿನ ಕಡೆ ನಾನು ಇರುತ್ತೇನೆ ಎಂದೆ.

"ನಿನಗ ಈಜಾಕ ಬರ್ತದೇನು?" ಎಂದು ಕೇಳಿದಳು.

"ಇಲ್ಲ."

"ಮತ್ತ?"

"ನೀ ಬಿದ್ರ ನಾ ಹಿಂದ ಮುಂದ ನೋಡದ ಜಿಗೀತೀನಿ, ಇಬ್ರೂ ಹೋಗ್ತೀವಿ. ನಾ ಬಿದ್ರ ನೀ ದಂಡಿ ಮ್ಯಾಲ ನಿಂತು ನಾಲ್ಕು ಮಂದೀನ ಕರೀತಿ. ಅದಕ್ಕ."

ಅಕ್ಕ ನೀರನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ನನ್ನ ಹಿಂದಿನಿಂದ ಸುತ್ತಿ ಬಂದು, ಹೊಲದ ಕಡೆ ನಿಂತಳು.